ಎಚ್ಚರವಾಗಿ ಮಲಗಿದ್ದ ದಿನ

ನನ್ನ ಎಡ ಮೊಲೆ ತೆಗೆಯುವ ಆಪರೇಷನ್ನಿಗೆ ಅರಿವಳಿಕೆ ಎರಡು ಥರ ಕೊಡಬಹುದು ಎಂದರು ಡಾಕ್ಟರು. ಪೂರ್ತಿ ಪ್ರಜ್ಞೆ ತಪ್ಪಿಸುವುದು ಒಂದು. ಬೆನ್ನುಮೂಳೆಯ ಪಕ್ಕ ಸೂಜಿ ಚುಚ್ಚಿ ಎದೆಯ ಆ ಭಾಗವನ್ನಷ್ಟೇ ಮರಗಟ್ಟಿಸುವುದು ಇನ್ನೊಂದು. ಅದರಲ್ಲಿ ಎಚ್ಚರ ಇರುತ್ತದೆ, ನೋವು ಇರುವುದಿಲ್ಲ. ಎರಡರ ಗುಣದೋಷವನ್ನೂ ತಾಳ್ಮೆಯಿಂದ ಹೇಳಿದರು. ನಾನು ಸೀರೆ ಅಂಗಡಿಯಲ್ಲಿ ಕೂತವಳ ಹಾಗೆ ತಲೆಯಾಡಿಸಿದೆ. ಭಯವಾಗಬೇಕಿತ್ತು. ಗಂಟು ಕೈಗೆ ಸಿಕ್ಕ ದಿನದಿಂದ ಯಾಕೋ ಏನೂ ಆಗುತ್ತಿರಲಿಲ್ಲ.

ತರೀಕೆರೆಗೆ ಕೊಟ್ಟಿದ್ದ ನನ್ನ ಅಕ್ಕನಿಗೆ ಎರಡು ವರ್ಷದ ಹಿಂದೆ ಇದೇ ಆಪರೇಷನ್ ಆಗಿತ್ತು. ಅವಳಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿದ್ದರು. ನಮ್ಮ ಮನೆಗಳಲ್ಲಿ ಕೊರಳಿನ ಲಿಂಗವನ್ನು ಮೈಯಿಂದ ಬೇರೆ ಮಾಡುವುದಿಲ್ಲ. ಲಿಂಗ ಬಿಟ್ಟ ಮೈ ಹೆಣ ಎಂದೇ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದು. ಅವತ್ತು ನರ್ಸ್ ಅದನ್ನು ಬಿಚ್ಚಿ ಭಾವನ ಕೈಗೆ ಕೊಟ್ಟಿದ್ದಳು. ಎಚ್ಚರವಾದ ಮೇಲೆ ಅಕ್ಕ ದಿನವಿಡೀ ವಾಂತಿ ಮಾಡಿಕೊಂಡಳು. ವಾಂತಿ ನಿಂತಿತು, ಕೊರಗು ನಿಲ್ಲಲಿಲ್ಲ. "ಮೂರು ಗಂಟೆ ಹೆಣವಾಗಿದ್ದೆ ಕಣೇ" ಅನ್ನುವಳು. ಪೂಜೆಗೆ ಕೂರುವುದನ್ನೇ ಬಿಟ್ಟಳು.

ಹಾಗಾಗಿ ನಾನು ಎಚ್ಚರದ್ದನ್ನೇ ಆರಿಸಿಕೊಂಡೆ. ಗುಣದೋಷ ತೂಗಿ ನೋಡಿದೆನೆಂದು ಡಾಕ್ಟರು ಮೆಚ್ಚಿಕೊಂಡರು. ಲಿಂಗದ ವಿಷಯ ತೆಗೆದಾಗ ಮುಖ ಸಣ್ಣಗಾಯಿತು, ಪಾಪ. ಬೆಳ್ಳಿಯ ಕರಡಿಗೆ ಮೈಮೇಲೆ ಇರಕೂಡದು ಎಂದರು. ಒಳಗಿನ ಲಿಂಗವನ್ನು ತೊಳೆದು, ಬಟ್ಟೆ ಸುತ್ತಿ ಕೈಯಲ್ಲಿ ಹಿಡಿದುಕೊಳ್ಳಲು ಒಪ್ಪಿದರು. ಬಲಗೈಗೆ ಡ್ರಿಪ್ ಹಾಕಿದ್ದರು. ಪೂಜೆಗೆ ಲಿಂಗ ಇಟ್ಟುಕೊಳ್ಳುವುದು ಹೇಗೂ ಎಡ ಅಂಗೈಯಲ್ಲೇ. ಮುಷ್ಟಿ ಬಿಗಿದು ಮಲಗಿದೆ.

ಮದ್ದು ಎದೆಗೇ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಎಡಗೈಯೂ ಮರಗಟ್ಟಿತು. ಒಮ್ಮೊಮ್ಮೆ ಹೀಗಾಗುತ್ತದೆ ಎಂದರು. ಮುಖದ ಮುಂದೆ ಹಸಿರು ಬಟ್ಟೆ ಕಟ್ಟಿದ್ದರಿಂದ ಏನೂ ಕಾಣದು. ಯಾರೋ ಮೈಯನ್ನು ಎಳೆದಾಡಿದಂತಾಗುತ್ತಿತ್ತು, ಅಷ್ಟೇ. ಕಡೂರಿನ ಕಡೆಯ ನರ್ಸ್ ಒಬ್ಬಳು ತಲೆಯ ಹತ್ತಿರ ನಿಂತು, ನಮ್ಮ ಅಜ್ಜಂಪುರದಲ್ಲಿ ಈ ಸಲ ಈರುಳ್ಳಿ ಹೇಗೆ ಬಂತು ಎಂದು ವಿಚಾರಿಸುತ್ತಿದ್ದಳು. ನಾನೂ ಹೇಳುತ್ತಿದ್ದೆ. ನಡುನಡುವೆ "ಕೈಲಿ ಇದ್ಯಾ?" ಎಂದು ಕೇಳಿದೆ.

"ಇದೆ ಕಣ್ರೀ, ಸುಮ್ನೆ ಮಲ್ಗಿ" ಅಂದಳು.

ಎಲ್ಲ ಮುಗಿದ ಮೇಲೆ ಅವಳೇ ಬಂದು ಲಿಂಗವನ್ನು ನನ್ನ ಕೈಗೆ ಕೊಟ್ಟು ಪಿಸುಗುಟ್ಟಿದಳು. ಅದು ಯಾವಾಗಲೋ ಜಾರಿ ಬಿದ್ದಿತ್ತಂತೆ. ಹೆದರಿಕೊಂಡೇನು ಅಂತ ಹೇಳಲಿಲ್ಲವಂತೆ. ಬೈಯೋಣವೆಂದು ಬಾಯಿ ತೆರೆದೆ, ಸಿಟ್ಟೂ ಬರಲಿಲ್ಲ.

ಸಂಜೆ ವಾರ್ಡಿನಲ್ಲಿ ಇಡ್ಲಿ ತಿನ್ನುತ್ತಿದ್ದೆ. ವಾಂತಿಯ ಸುಳಿವೇ ಇರಲಿಲ್ಲ. ಪಕ್ಕದಲ್ಲಿ ಕೂತ ಅಕ್ಕ ನಾನು ತಿನ್ನುವುದನ್ನೇ ನೋಡುತ್ತಿದ್ದಳು.

"ಕೈಲೇ ಇತ್ತೇನೇ, ಕೊನೇವರ್ಗೂ?"

ಇತ್ತು ಅಂದುಬಿಟ್ಟರೆ ಹೆಣವಾಗಿದ್ದವಳು ಅವಳೊಬ್ಬಳೇ ಆಗಿಹೋಗುತ್ತಿದ್ದಳು.

"ಇಲ್ಲ ಕಣಕ್ಕ. ಯಾವಾಗ ಬಿತ್ತೋ ಗೊತ್ತೇ ಆಗ್ಲಿಲ್ಲ. ಎಚ್ರವಾಗೇ ಇದ್ದೆ, ಈರುಳ್ಳಿ ವಿಷ್ಯ ಮಾತಾಡ್ತಿದ್ದೆ."

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ಅವಳು ಹಾಗೆ ನಕ್ಕಿದ್ದನ್ನು ಎರಡು ವರ್ಷದಿಂದ ನೋಡಿರಲಿಲ್ಲ. ಲಿಂಗವನ್ನು ಕಣ್ಣಿಗೊತ್ತಿಕೊಂಡು, ಕರಡಿಗೆಯಲ್ಲಿಟ್ಟು, ನನ್ನ ಕೊರಳಿಗೆ ಕಟ್ಟಿದಳು. ಅದು ಬ್ಯಾಂಡೇಜಿನ ಮೇಲೆ, ಚಪ್ಪಟೆಯಾದ ಕಡೆಗೆ ಜಾರಿ ನಿಂತಿತು.

"ಭಾರ ಗೊತ್ತಾಗ್ತಿದ್ಯೇನೇ?" ಎಂದು ಕೇಳಿದಳು.

"ಇನ್ನೂ ಇಲ್ಲಕ್ಕ" ಎಂದೆ.