ಉತ್ತರಕ್ಕೆ ತಲೆ

ನನ್ನ ಗಂಡ ಮೊದಲ ಸಲ ಸತ್ತದ್ದು ಮಧ್ಯಾಹ್ನ ಎರಡೂವರೆಗೆ. ಎಷ್ಟು ಧೈರ್ಯವಾಗಿ ಬರೆದೆ! ಗಡಿಯಾರ ನೋಡಿದ ನೆನಪೇ ಇಲ್ಲ. ಅತ್ತೆ ಮೊಸರನ್ನದ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದರು, ಆದ್ದರಿಂದ ಅಷ್ಟಾಗಿರಬೇಕು. ಬಿಸಿಲಿದ್ದದ್ದಂತೂ ಖಚಿತ. ಆ ದಿನದ ಗೊಂದಲಕ್ಕೆಲ್ಲ ಸೂರ್ಯನೇ ಕಾರಣ.

ನಾವಿರುವುದು ನೆದರ್ಲೆಂಡ್ಸಿನ ನೈಮೆಗನ್‌ನಲ್ಲಿ. ವಾರವೆಲ್ಲ ಚಿಪ್ ಡಿಸೈನ್ ಮಾಡುವ ನನ್ನ ಗಂಡ ಹಿಂದಿನ ವರ್ಷ, ಹಳೆಯ ಯುದ್ಧಗಳನ್ನು ಬಯಲಿನಲ್ಲಿ ಆಡಿ ತೋರಿಸುವ ಒಂದು ತಂಡಕ್ಕೆ ಸೇರಿದ್ದ. ನಾನೂರು ವರ್ಷದ ಹಿಂದೆ ಡಚ್ಚರಿಗೂ ಸ್ಪೇನಿಗೂ ನಡೆದ ಯುದ್ಧ ಅವರದು. ಮೀಸೆ ನೋಡಿಯೋ ಏನೋ, ಇವನನ್ನು ಸ್ಪೇನಿನ ಕಡೆ ಹಾಕಿದರು. ಬಂದೂಕಿಗೆ ಪರವಾನಗಿ ಬೇಕು. ಹಾಗಾಗಿ ಹೊಸಬರಿಗೆಲ್ಲ ಮೂರಾಳುದ್ದದ ಈಟಿ. ಒಂದು ವರ್ಷ ಪ್ರೊಬೇಷನ್. ಕೊನೆಯ ಪರೀಕ್ಷೆ ಸಾಯುವುದು: ಗುಂಡಿನ ಸದ್ದಿಗೆ ಬಿದ್ದು, ಕಾಳಗ ಮುಗಿಯುವವರೆಗೆ ಮಿಸುಕದೆ ಮಲಗಿದ್ದರೆ ಖಾಯಂ. ಏಳು ವರ್ಷದಲ್ಲಿ, ಆಫೀಸಿನ ಹೊರಗೆ, ಈ ದೇಶದವರು ಅವನನ್ನು ‘ನಮ್ಮವನು’ ಎನ್ನುವ ಹಂತಕ್ಕೆ ಬಂದದ್ದು ಅದೇ ಮೊದಲು. ಹದಿನೈದು ದಿನ, ಅತ್ತೆ ಸ್ನಾನಕ್ಕೆ ಹೋದಾಗಲೆಲ್ಲ, ಹಾಲ್‌ನಲ್ಲಿ ದೊಪ್ಪನೆ ಬಿದ್ದು ಅಭ್ಯಾಸ ಮಾಡಿದ್ದ.

ಅತ್ತೆ ಮೂರು ತಿಂಗಳ ವೀಸಾದಲ್ಲಿ ಹುಬ್ಬಳ್ಳಿಯಿಂದ ಬಂದಿದ್ದರು.

“ಅವ್ವಗ ಮೊದಲ ಹೇಳಿಬಿಡು ನೀ,” ಅಂದಿದ್ದ.

“ನೀನೇ ಹೇಳು. ನಿಮ್ಮಮ್ಮ.”

“ಸಾಯಾಂವ ನಾ. ನಾನ ಹೇಳಿದ್ರ ಛಲೋ ಅನಸಂಗಿಲ್ಲ.”

ಕಾರಿನಲ್ಲಿ ಶುರು ಮಾಡಿದೆ. “ಅತ್ತೆ, ಇದೊಂಥರಾ ನಾಟಕ.”

“ನಾಟಕ ಅಂದ್ರ ಏನಂತ ನನಗ ಹೇಳ್ತಿಯೇನವಾ? ಕಂಪನಿ ನಾಟಕ ನೋಡಿ ಬೆಳೆದಾಕಿ ನಾ.”

ಸಾವಿನ ವಿಷಯ ಹೇಳಲಿಲ್ಲ. ಹೇಳಿದ್ದೆ ಎಂದು ಆಮೇಲೆ ಗಂಡನ ಹತ್ತಿರ ವಾದ ಮಾಡಿದ್ದೇನೆ. ಎರಡು ಮೂರು ಸಲ ವಾದಿಸಿದ ಮೇಲೆ ನನಗೂ ಹೇಳಿದಂತೆಯೇ ನೆನಪು.

ಹಳೆಯ ಕೋಟೆಯೊಂದರ ದಿಬ್ಬದ ಪಕ್ಕ ಹುಲ್ಲುಗಾವಲು, ಸುತ್ತ ಹಗ್ಗ, ಹಗ್ಗದ ಈಚೆ ಮಡಚುವ ಕುರ್ಚಿಗಳಲ್ಲಿ ನಾವು. ಡೋಲು ಬಡಿದವು. ಬಂದೂಕುಗಳು ಒಟ್ಟಿಗೆ ಹಾರಿ ಹೊಗೆ ಎದ್ದಿತು. ಪಕ್ಕದ ಸ್ಪೇನಿನವರು ಚೀಲ ಜಾರಿದಂತೆ ಸುಮ್ಮನೆ ಕುಸಿದರು. ಇವನೊಬ್ಬ ಮಾತ್ರ ಎದೆಗೆ ಕೈ ಒತ್ತಿ, ಅರ್ಧ ಸುತ್ತು ತಿರುಗಿ, ಮೊಣಕಾಲೂರಿ, ಆಕಾಶ ನೋಡಿ, ಆಮೇಲೆ ಬಿದ್ದ.

“ಪಪ್ಪಾ ಇಸ್ ದೋತ್!” ಅಪ್ಪ ಸತ್ತ ಸಂತೋಷವನ್ನು ಒಂಬತ್ತು ವರ್ಷದ ಮಗಳು ಡಚ್ಚಿನಲ್ಲಿ ಸಾರಿದಳು.

ನಾನು ಅತ್ತೆಯ ಕೈ ಹಿಡಿದುಕೊಂಡೆ. “ಹೆದರ್ಕೋಬೇಡಿ ಅತ್ತೆ, ಆಕ್ಟಿಂಗ್ ಅಷ್ಟೇ.”

“ಹೆದರಿಕಿ ಯಾಕ? ಕಾಣಸ್ತೈತಲ್ಲ.” ಅವರು ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡುತ್ತಿದ್ದರು. “ಊಟದ ಹೊತ್ತು ದಾಟೇತಿ, ಅಂದ್ರ ಸೂರ್ಯಾ ಇರೂದು ಪಡುವಣಕ್ಕ. ಹಂಗಾರ ಉತ್ತರ…” ಬಲಗೈ ಚಾಚಿದರು. ಅದು ಮಗನ ತಲೆಯತ್ತಲೇ ಹೋಯಿತು. “ಅಯ್ಯ ಶಿವನ! ಉತ್ತರಕ್ಕ ತಲಿ ಹಾಕ್ಯಾನಲ್ಲ ಇಂವಾ!”

“ಸತ್ತೋರ ಪಾತ್ರ ತಾನೆ ಅತ್ತೆ?”

“ಪಾತ್ರ ಸತ್ತೈತಿ. ಮಲಗಿದಾಂವ ನನ್ನ ಮಗಾ.”

ಡೋಲು ನಿಂತಿದ್ದ ಆ ಗಳಿಗೆಯಲ್ಲೇ ಅವರು ಎದ್ದು ನಿಂತು, ಗದ್ದೆಯ ಆಚೆಗೆ ಕರೆಯುವ ದನಿಯಲ್ಲಿ ಕೂಗಿದರು: “ಲೇ ತಮ್ಮಾ! ಉತ್ತರಕ್ಕ ತಲಿ ಹಾಕಬ್ಯಾಡೋ! ಬಿಸಲಿಗೆ ಕಾಲು ಮಾಡೋ!”

ಹೆಣ ಮಿಸುಕಲಿಲ್ಲ. ಅವನು ತಡೆದುಕೊಂಡಾನು ಅನ್ನಿಸಿತು. ಅತ್ತೆ ಇನ್ನೊಮ್ಮೆ ಕೂಗಿದರು. ಮೊದಲು ಒಂದು ಕಾಲು ಸರಿಯಿತು. ಆಮೇಲೆ ಮೊಣಕೈಗಳು. ಗಡಿಯಾರದ ಮುಳ್ಳಿನ ಹಾಗೆ ಇಡೀ ದೇಹ ಹುಲ್ಲಿನ ಮೇಲೆ ಕಾಲು ಸುತ್ತು ತಿರುಗಿ, ಪಾದಗಳನ್ನು ಬಿಸಿಲಿಗಿಟ್ಟು, ಇನ್ನೊಂದು ಸಲ ಸತ್ತಿತು. ಜನ ಚಪ್ಪಾಳೆ ತಟ್ಟಿದರು. ಮಗಳು ಮುಖ ಮುಚ್ಚಿಕೊಂಡು, “ಓ ಗಾಡ್. ಪಪ್ಪಾ ಫೇಲ್,” ಅಂದಳು.

ಕಾಳಗ ಮುಗಿದ ಮೇಲೆ ಅವರ ಕ್ಯಾಪ್ಟನ್, ವಾರದ ದಿನಗಳಲ್ಲಿ ಹಲ್ಲಿನ ಡಾಕ್ಟರ್, ಗರಿಯ ಟೊಪ್ಪಿಗೆಯಲ್ಲಿ ನಮ್ಮ ಕಡೆ ಬಂದ. ಹಿಂದೆ ನನ್ನ ಗಂಡ, ಬೆನ್ನ ತುಂಬ ಹುಲ್ಲು, ನಮ್ಮ ಯಾರ ಮುಖವನ್ನೂ ನೋಡದೆ.

“ಅಮ್ಮ ಏನು ಕೂಗಿದರು?” ಎಂದು ಕ್ಯಾಪ್ಟನ್ ನನ್ನನ್ನು ಕೇಳಿದ.

ನನ್ನ ಹರಕು ಡಚ್ಚಿನಲ್ಲಿ ದಿಕ್ಕು, ತಲೆ, ನಿದ್ದೆ, ಸಾವು ಎಲ್ಲವನ್ನೂ ಹೇಳಿದೆ. ಅವನು ಹುಳುಕು ಹಲ್ಲು ನೋಡುವಷ್ಟು ಗಂಭೀರವಾಗಿ ಕೇಳಿ, ಸೂರ್ಯನತ್ತ ತಿರುಗಿದ. ಆದರೆ ಉತ್ತರ ಅಲ್ಲಿಲ್ಲವಲ್ಲ, ಅಂದ. ಬೇಸಿಗೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಎರಡೂವರೆಯ ಸೂರ್ಯ ಇನ್ನೂ ಹೆಚ್ಚುಕಡಿಮೆ ದಕ್ಷಿಣದಲ್ಲೇ ಇರುತ್ತಾನೆ, ಅಂದ. ಮೊದಲು ಬಿದ್ದಾಗ ಇವನ ತಲೆ ಇದ್ದದ್ದು ಪಶ್ಚಿಮಕ್ಕೆ. ಅತ್ತೆ ತಿರುಗಿಸಿದ ಮೇಲೆ ಸರಿಯಾಗಿ ಉತ್ತರಕ್ಕೆ.

“ಅಂದರೆ ಮೊದಲನೆಯ ಸಾವೇ ಸರಿಯಾಗಿತ್ತು,” ಎಂದ ಕ್ಯಾಪ್ಟನ್. “ಪರೀಕ್ಷೆಗೆ ಅದನ್ನೇ ಹಿಡಿಯುತ್ತೇನೆ. ಎರಡನೆಯದು ನಿಮ್ಮ ಮನೆಯ ವಿಷಯ.”

ಈ ಮಾತು ಅವನದೋ, ಮನೆಗೆ ಬರುವಾಗ ನಾನು ಕೂರಿಸಿದ್ದೋ! ಅವನು ಅಂದದ್ದು “ಪರವಾಗಿಲ್ಲ, ಸೇರಿಕೋ” ಎಂದಷ್ಟೇ ಅನ್ನುತ್ತಾನೆ ನನ್ನ ಗಂಡ. ಇಬ್ಬರೂ ಕೈ ಕುಲುಕಿದ್ದು ಮಾತ್ರ ನಿಜ, ಎಲ್ಲರೂ ನೋಡಿದ್ದೇವೆ. ಇವನ ಕಣ್ಣಲ್ಲಿ ನೀರಿತ್ತು. ಹೊಗೆ, ಅಂದ.

“ಏನಂತವಾ?” ಅತ್ತೆ ಕೇಳಿದರು.

“ತಗೊಂಡ್ರಂತೆ ಅತ್ತೆ. ಖಾಯಂ.” ದಿಕ್ಕಿನ ಮಾತು ಬಾಯಿಗೆ ಬಂದಿತ್ತು, ನುಂಗಿದೆ. ಗಂಡನೂ ಹುಲ್ಲು ಕೊಡವಿಕೊಳ್ಳುವುದರಲ್ಲಿ ಮುಳುಗಿದ.

“ಮತ್ತ? ನಾ ನೆಟ್ಟಗ ಮಲಗಿಸಿದ್ದಕ್ಕ ಆತು.”

ಪಾರ್ಕಿಂಗ್ ತಲುಪುವಷ್ಟರಲ್ಲಿ ಹುಬ್ಬಳ್ಳಿಯ ತಂಗಿಗೆ ಅತ್ತೆಯ ಫೋನು ಹೋಗಿತ್ತು. “ಹೂಂ, ಪಾಸಾದ. ಸ್ಪೇನ್ ದಂಡಿನ್ಯಾಗ ಖಾಯಂ ಆತು… ಇಲ್ಲಬೇ, ಮೊದಲಿನ ನೌಕರಿ ಯಾಕ ಬಿಡ್ತಾನ? ಇದು ಶನಿವಾರ, ರವಿವಾರ ಅಷ್ಟ.”