ಅಕ್ಕನ ಕಿಡ್ನಿಗೆ ಕಾವಲು

ನನ್ನೊಳಗೆ ಕೆಲಸ ಮಾಡುತ್ತಿರುವುದು ಅಕ್ಕನ ಕಿಡ್ನಿ. ಅಕ್ಕ ದುದ್ದದಲ್ಲಿ ಕಬ್ಬು ಬೆಳೆಯುವವಳು. ನಾನು ಮಳವಳ್ಳಿಯಾಚೆಯ ಊರು ಬ್ಲಫ್‌ನ ವಿದ್ಯುತ್ ಕೇಂದ್ರದ ನೌಕರ. ನನ್ನ ಕಿಡ್ನಿಗಳೆರಡೂ ಕೈಕೊಟ್ಟು ಡಯಾಲಿಸಿಸ್‌ಗೆ ಅಲೆಯುತ್ತಿದ್ದಾಗ, ಯಾರೂ ಕೇಳುವ ಮೊದಲೇ ಅವಳು, "ನಂದೊಂದು ತಕೊಳ್ಲಿ ಬುಡು," ಎಂದುಬಿಟ್ಟಳು.

ಮೈಸೂರಿನಲ್ಲಿ ಕಸಿಯಾಯಿತು. ಚೇತರಿಸಿಕೊಂಡು ಡ್ಯೂಟಿಗೆ ಮರಳಿದೆ. ಆಗಾಗ ಮಂಡ್ಯದಲ್ಲಿ ರಕ್ತ ಕೊಟ್ಟು ಕ್ರಿಯಾಟಿನಿನ್ ನೋಡಿಸುತ್ತಿದ್ದೆ. ಕಿಡ್ನಿ ಸೋತರೆ ಏರುವ ಅಂಶ ಅದು. ನನ್ನದು ಏರಿರಲೇ ಇಲ್ಲ. ಒಮ್ಮೆ ಅಲ್ಲಿನ ಡಾಕ್ಟರಮ್ಮ ಪರೀಕ್ಷೆಗೆ ಮೂತ್ರವನ್ನೂ ಕೇಳಿದರು. ಕಸಿಯಾದ ಕಿಡ್ನಿಯ ಮೇಲೆ ದೇಹ ತಿರುಗಿಬಿದ್ದರೆ, ಕ್ರಿಯಾಟಿನಿನ್ ಏರುವ ಮೊದಲೇ ಕೆಲವು ಪ್ರೋಟೀನುಗಳು ಮೂತ್ರದಲ್ಲಿ ಹೆಚ್ಚಬಹುದಂತೆ.

ನನ್ನಲ್ಲಿ ಅವು ಹೆಚ್ಚಾಗಿದ್ದವು. ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ಪರೀಕ್ಷಿಸಬೇಕು ಎಂದರು. ನನಗೆ ಮನಸ್ಸಿರಲಿಲ್ಲ. ಊಟ ಸೇರುತ್ತಿತ್ತು, ಕಾಲು ಊದಿರಲಿಲ್ಲ. ಫೋನಿನಲ್ಲಿ ವಿಷಯ ಕೇಳಿದ ಅಕ್ಕ ಮಾರನೆಯ ದಿನವೇ ಮಳವಳ್ಳಿಗೆ ಬಂದು, ಬಸ್ಸು ಬದಲಿಸಿ ನಮ್ಮ ಮನೆ ಬಾಗಿಲಲ್ಲಿ ನಿಂತಳು.

"ಚೆನ್ನಾಗೇ ಇವ್ನಿ ಕಣಕ್ಕ. ಸುಮ್ಕೆ ಯಾಕೆ ಚುಚ್ಚುಸ್ಕೊಳ್ಳಾದು?"

"ನಿಂಗೆ ಗೊತ್ತಾಗಗಂಟ ಕಾಯ್ಬೇಕೇನ್ಲಾ? ಒಟ್ಟೆ ಕುಯ್ಸ್ಕೊಂಡು ಕೊಟ್ಟಿವ್ನಿ. ಎದ್ದು ನಡಿ."

ನಡೆದೆ. ಸೂಜಿ ಹಾಕುವಾಗ ಅವಳು ಕೋಣೆಯ ಬಾಗಿಲಿಗೇ ಅಂಟಿ ಕೂತಿದ್ದಳು. ದೇಹ ಕಿಡ್ನಿಯನ್ನು ತಿರಸ್ಕರಿಸಲು ಆಗಷ್ಟೇ ಶುರುಮಾಡಿತ್ತು. ಕೆಲವು ದಿನ ಡ್ರಿಪ್‌ನಲ್ಲಿ ಔಷಧಿ ಕೊಟ್ಟರು, ಮಾತ್ರೆ ಹೆಚ್ಚಿಸಿದರು. ಪ್ರೋಟೀನುಗಳು ಇಳಿದವು.

"ಕ್ರಿಯಾಟಿನಿನ್ ಏರಲಿ ಅಂತ ಕಾದಿದ್ದರೆ ಕಿಡ್ನಿಗೆ ಪೆಟ್ಟು ಬೀಳ್ತಿತ್ತು," ಎಂದರು ಡಾಕ್ಟರಮ್ಮ.

ಮರುವರ್ಷ ಮದ್ದೂರಿನಲ್ಲಿ ಕಿಡ್ನಿ ರೋಗಿಗಳ ಸಭೆಗೆ ಅವರು ನಮ್ಮಿಬ್ಬರನ್ನೂ ಕರೆಸಿದರು. ಮೈಕ್ ಹಿಡಿದು ನಾನು ತಡವರಿಸುತ್ತಿದ್ದೆ. ಅಕ್ಕ ಅದನ್ನು ಕಿತ್ತುಕೊಂಡಳು.

"ಮೈ ಸುಳ್ಳೇಳ್ತದೆ ಕಣ್ರಪ್ಪ, ಉಚ್ಚೆ ಸುಳ್ಳೇಳಕಿಲ್ಲ. ಕೇಳ್ದಾಗ ನಾಚ್ಕೊಳ್ದೆ ಕೊಡಿ!"

ಸಭೆಯೆಲ್ಲ ನಕ್ಕಿತು. ಡಾಕ್ಟರಮ್ಮನೂ ನಕ್ಕರು. ಆಮೇಲೆ, ಮಗನಿಗೆ ಕಿಡ್ನಿ ಕೊಡಲು ಹೆದರಿದ್ದ ತಾಯಿಯೊಬ್ಬರು ಬಂದು ಅಕ್ಕನ ಕೈ ಹಿಡಿದುಕೊಂಡರು. ಅಕ್ಕ ಅವರನ್ನು ಪಕ್ಕಕ್ಕೆ ಕರೆದೊಯ್ದು, ಸೆರಗು ಸರಿಸಿ ತನ್ನ ಹೊಲಿಗೆಯ ಗುರುತು ತೋರಿಸಿದಳು. "ನೋಡವ್ವ, ಇಷ್ಟೇಯ. ಈಗ್ಲೂ ಕಬ್ಬು ಕಡೀತೀನಿ."

ದೂರದಲ್ಲಿ ನಿಂತಿದ್ದ ನನ್ನನ್ನು ಯಾರೋ ಕೇಳಿದರು, "ಅವರು ಯಾರು?"

"ನಮ್ಮಕ್ಕ," ಎಂದೆ, ಬೇಕೆಂದೇ ಗಟ್ಟಿಯಾಗಿ.