ಖಾರ ಕುಡಿದ ಕೈ

ಬ್ಯಾಡಗಿಯ ದಲಾಲಿ ಅಂಗಡಿಗಳ ಹಿಂದೆ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಲು ಕೂಡುವ ಹೆಂಗಸರು ಒಂದು ಕಟ್ಟಳೆಯನ್ನು ಎಂದೂ ಮೀರುವುದಿಲ್ಲ. ಕೆಲಸ ಬಿಟ್ಟ ಮೇಲೆ ಕೈಗೆ ಎಣ್ಣೆ ಹಚ್ಚಿ, ಬೂದಿಯಿಂದ ತಿಕ್ಕಿ, ಮಜ್ಜಿಗೆಯಲ್ಲಿ ಅದ್ದಿ ತೊಳೆಯುವವರೆಗೆ ಕೂಸನ್ನು ಮುಟ್ಟುವುದಿಲ್ಲ. ದೌಲತಬಿ ಅದನ್ನು ಒಂದೇ ಒಂದು ಸಂಜೆ ಮರೆತಳು.

ಅದು ಎಂಬತ್ತನೆಯ ಇಸವಿಯ ಸುಗ್ಗಿ. ಲಾರಿ ಕ್ಲೀನರ್ ಆಗಿದ್ದ ಗಂಡ ಮಲಂಗಸಾಬ ತೀರಿಕೊಂಡು ವರ್ಷವಾಗಿತ್ತು. ಎರಡು ವರ್ಷದ ಮಗಳು ಜಾಹೀದಾ ಹೊಸ್ತಿಲಲ್ಲಿ ಎಡವಿ ಬಿದ್ದು ಅತ್ತಳು. ಆಗಷ್ಟೇ ಕೆಲಸದಿಂದ ಬಂದಿದ್ದ ದೌಲತಬಿ ಓಡಿಹೋಗಿ ಮಗುವಿನ ಕಣ್ಣೊರೆಸಿದಳು. ಅಷ್ಟೇ. ಆ ಚೀರಾಟಕ್ಕೆ ಇಡೀ ಓಣಿ ಕೂಡಿತು. ಕಣ್ಣು ಉಳಿದವು, ಆದರೆ ಎಷ್ಟೋ ದಿನ ರೆಪ್ಪೆ ಬಿಚ್ಚಲಾಗಲಿಲ್ಲ.

ತವರೂರು ಕುಪ್ಪೇಲೂರಿನಿಂದ ತಾಯಿ ಹುಸೇನಬಿ ಬಂದಳು. "ಕೂಸಿನ್ನ ಕರ್ಕೊಂಡು ಹೋಗ್ತೇನಿ. ನೀನೂ ನಡಿ. ಕಳೆ ತಗದಾದ್ರೂ ಬದುಕಿದ್ರಾತು," ಎಂದಳು.

ದೌಲತಬಿ ಮಗಳನ್ನು ಕಳಿಸಿಕೊಟ್ಟಳು, ತಾನು ಹೋಗಲಿಲ್ಲ. ಅಣ್ಣನ ಹೆಂಡತಿ ನೀಡಿದ ರೊಟ್ಟಿ ತಿಂದು ಬಾಳುವುದು ಬೇಡವಾಗಿತ್ತು. ಇನ್ನೊಂದು ಕಾರಣವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬ್ಯಾಡಗಿಯಲ್ಲಿ ಬಾಡಿಗೆಯದಾದರೂ ಅವಳದೇ ಒಂದು ಕೋಣೆ ಇತ್ತು, ಅದರ ಕೀಲಿ ಅವಳ ಸೆರಗಿನ ತುದಿಯಲ್ಲಿತ್ತು. ಅದು ಅವಳಿಗೆ ಇಷ್ಟವಾಗಿತ್ತು. ಮುಂದೆ ಆ ಇಷ್ಟವೇ ಅವಳನ್ನು ಹಿಂಡಿತು.

ತಿಂಗಳಿಗೊಮ್ಮೆ ಕುಪ್ಪೇಲೂರಿಗೆ ಹೋದರೆ, ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕಟ್ಟೆಯ ಮೇಲೆ ಕೂಡುವಳು. ತಂದ ಬತ್ತಾಸನ್ನು ಪಕ್ಕದಲ್ಲಿಡುವಳು. ಮಗಳು ಆಡುವುದನ್ನು ನೋಡಿ ಸಂಜೆಯ ಬಸ್ಸಿಗೆ ಹೊರಡುವಳು. ಅವಳು ಎಂದೂ ಮಗಳ ತಲೆ ಬಾಚಲಿಲ್ಲ, ಮುಂದೆ ಮಗಳ ಮದುವೆಯಲ್ಲಿ ಅರಿಶಿಣವನ್ನೂ ಹಚ್ಚಲಿಲ್ಲ.

ತುಂಬು ಬಿಡಿಸುತ್ತ ಕುಳಿತಾಗ ಮಾತ್ರ ಮನಸ್ಸಿನೊಳಗೆ ಬೇರೊಂದು ಬದುಕು ನಡೆಸುತ್ತಿದ್ದಳು. ಆ ಬದುಕಿನಲ್ಲಿ ಅವಳು ತಾಯಿಯ ಹಿಂದೆ ಹೋಗಿದ್ದಳು; ಹೊಲದಿಂದ ಬಂದು ಮಗಳಿಗೆ ತುತ್ತು ಮಾಡಿ ಉಣಿಸುತ್ತಿದ್ದಳು. ಪಕ್ಕದ ಪ್ರೇಮವ್ವ ಘಾಟಿಗೆ ಕೆಮ್ಮಿದೊಡನೆ ಆ ಬದುಕು ಮುಗಿದುಹೋಗುತ್ತಿತ್ತು.

ಜಾಹೀದಾ ಬಸುರಿಯಾದಳು. ಚೊಚ್ಚಲ ಬಸುರಿಯನ್ನು ತವರಿಗೆ ಕರೆತರುವುದು ತಾಯಿಯ ಕೆಲಸ. ಹುಸೇನಬಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಘಾಟು ತುಂಬಿದ ಕೋಣೆಗೆ ಬಸುರಿಯನ್ನು ಹೇಗೆ ತರುವುದೆಂದು ದೌಲತಬಿ ಸುಮ್ಮನಿದ್ದುಬಿಟ್ಟಳು. ಜಾಹೀದಾ ರಾಣೆಬೆನ್ನೂರಿನ ಗಂಡನ ಮನೆಯಲ್ಲೇ ಹೆತ್ತಳು. ಸುದ್ದಿ ತಂದವಳು ಪ್ರೇಮವ್ವ.

"ಏ ದೌಲತಬಿ, ಅಜ್ಜಿ ಆಗೀದಿ, ಇನ್ನೂ ಇಲ್ಲೇ ಕುಂತೀಯಲ್ಲ! ಗಂಡು ಕೂಸಂತ. ಸಂತ್ಯಾಗ ನಿಮ್ಮ ಬೀಗತಿ ಬೈಯಾಕತ್ತಿದ್ಲು."

"ಏನಂತ?"

"ಹೆತ್ತ ಮಗಳಿಗಿಂತ ಮೆಣಸಿನಕಾಯೇ ಹೆಚ್ಚಾದ್ವು ಅಕಿಗೆ, ಅಂತ."

ದೌಲತಬಿ ಒಂದು ವಾರ ಕೆಲಸ ಬಿಟ್ಟಳು. ಉಗುರು ತೆಗೆದಳು, ದಿನವೂ ಕೈ ತಿಕ್ಕಿ ತಿಕ್ಕಿ ತೊಳೆದಳು. ಆಮೇಲೆ ರಾಣೆಬೆನ್ನೂರಿನ ಬಸ್ಸು ಹತ್ತಿದಳು.

ಬೀಗತಿ ಮಹಮೂದಾಬೇಗಂ ಬಾಗಿಲಲ್ಲೇ ಎದುರಾದಳು. "ಬರ್ರಿ ಬೀಗತೀರ, ದಾರಿ ಸಿಕ್ಕತೇನು? ನೀರು ಕಾದಾವು. ಹೆಂಗೂ ಬಂದೀರಿ, ಕೂಸಿಗೆ ಎರೀರಿ. ನನ್ನ ಟೊಂಕ ಬಿದ್ದು ಹೋಗೇತಿ."

ದೌಲತಬಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ನನ್ನ ಕೈ ಬ್ಯಾಡ್ರಿ. ಖಾರ ಕುಡದ ಕೈ ಇವು."

ಹೊರಸಿನ ಮೇಲೆ ಮಲಗಿದ್ದ ಜಾಹೀದಾ ಎದ್ದು ಕುಳಿತಳು. "ಯಾವ ಖಾರ, ಅಮ್ಮಾ?"

"ನಿನ್ನ ಕಣ್ಣಾಗ ಹಾಕಿದ್ನಲ್ಲ..."

"ಅದು ನನಗ ನೆನಪ ಇಲ್ಲ. ನಿಮ್ಮವ್ವ, ನಾನಿ ಹೇಳಿದ್ಲು, ಅದಕ್ಕ ಗೊತ್ತು. ನನಗ ನೆನಪಿರೋದು ನೀ ಬಂದು ಕಟ್ಟಿ ಮ್ಯಾಲ ಕುಂದರತಿದ್ದಿದ್ದು. ಎತ್ಕೋತಿ ಏನೋ ಅಂತ ನಾ ಬೇಕಂತ ನಿನ್ನ ಮುಂದ ಬೀಳತಿದ್ದೆ. ಒಳಗಿಂದ ನಾನಿ ಬಂದು ಎತ್ತತಿದ್ಲು."

ದೌಲತಬಿ ಹೊರಸಿನ ಬದಿಗೆ ನೆಲದ ಮೇಲೆ ಕುಳಿತಳು. ಒಂದು ಸಂಜೆಯ ತಪ್ಪಾಗಿದ್ದರೆ ಹೇಗೋ ಹೊತ್ತುಕೊಂಡಿರುತ್ತಿದ್ದಳು. ಖಾರದಿಂದ ಮಗಳನ್ನು ಕಾಯುತ್ತಿದ್ದೇನೆಂದು ದೂರ ಕುಳಿತ ದಿನಗಳೆಲ್ಲವೂ ತಪ್ಪೇ ಆಗಿದ್ದವು. ಅವನ್ನು ಎಲ್ಲಿ ಇಡುವುದು?

"ಹೋದದ್ದು ಇನ್ನ ಬರೂದಿಲ್ಲವ್ವಾ," ಎಂದಳು.

"ಬರೂದಿಲ್ಲ," ಎಂದಳು ಜಾಹೀದಾ. ಸಮಾಧಾನದ ಮಾತು ಹೇಳಲಿಲ್ಲ. "ಬಾಣಂತನಕ್ಕ ನಿನ್ನ ಕೋಣೆಗೆ ಬರ್ತೇನಿ. ತವರಮನಿ ನನಗೂ ಬೇಕು," ಎಂದಳು.

"ಅಲ್ಲಿ ಘಾಟು ಐತಿ. ಕೂಸು ಸೀನತೈತಿ."

"ಸೀನಲಿ."

"ಆಮ್ಯಾಲ ಸೀನಲಿ, ಈಗ ನೀರು ಆರಾಕತ್ತಾವು!" ಎಂದು ಬಚ್ಚಲಿನಿಂದ ಮಹಮೂದಾಬೇಗಂ ಕೂಗಿದಳು.

ದೌಲತಬಿ ಮಣೆಯ ಮೇಲೆ ಕುಳಿತು ಕಾಲು ಚಾಚಿದಳು. ಜಾಹೀದಾ ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿ ಅಲ್ಲೇ ನಿಂತಳು. ದೌಲತಬಿ ಬೆನ್ನಿಗೆ ನೀರು ಹಾಕಿದಳು, ತೊಡೆಗೆ ಹಾಕಿದಳು. ಮುಖದ ಹತ್ತಿರ ಬಂದಾಗ ಕೈ ನಿಂತಿತು.

"ಮುಖಾನೂ ತೊಳಿ," ಎಂದಳು ಜಾಹೀದಾ.

ದೌಲತಬಿ ಮೊದಲು ಒದ್ದೆ ಬೆರಳನ್ನು ತನ್ನ ಕಣ್ಣಿಗೆ ಒತ್ತಿಕೊಂಡು ನೋಡಿದಳು. ಉರಿಯಲಿಲ್ಲ. ಆಮೇಲೆ ಕೂಸಿನ ಮುಖ ತೊಳೆದಳು.